ಒದ್ದ ಕಾಲು, ಮುಟ್ಟಿದ ಕೈ

ಇದರಲ್ಲಿ ಯಾರ ಹೆಸರೂ ಇಲ್ಲ. ಊರಿನ ಹೆಸರೂ ಇಲ್ಲ. ಮಾಯಸಂದ್ರ ಬಿಟ್ಟ ಬಸ್ಸು ತುರುವೇಕೆರೆ ಮುಟ್ಟುವವರೆಗೆ ಕಿಟಕಿಯಲ್ಲಿ ಎಲ್ಲ ಊರುಗಳೂ ಒಂದೇ ಥರ ಕಾಣುತ್ತವೆ. ತೋಟ, ತೋಟ, ಒಂದು ಅಂಗಡಿ, ಮತ್ತೆ ತೋಟ. ಹುಡುಕಲು ಹೊರಟವರಿಗೆ ತೆಂಗಿನ ಮರ ಬಿಟ್ಟು ಬೇರೇನೂ ಸಿಗುವುದಿಲ್ಲ. ಸಿಗಬಾರದು ಅಂತಲೇ ಹೀಗೆ ಬರೆಯುತ್ತಿದ್ದೇನೆ.

ನನಗೆ ನೆನಪಿನ ಮೇಲೆ ನಂಬಿಕೆ ಕಡಿಮೆ. ಚೆನ್ನಾಗಿ ಮಡಿಸಿಟ್ಟ ನೆನಪು ಕಂಡರೆ ಯಾರೋ ಇಸ್ತ್ರಿ ಹಾಕಿದ್ದಾರೆ ಅನ್ನಿಸುತ್ತದೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಹೇಳುತ್ತೇನೆ. ಆದರೆ ಒಂದು ಮಾತ್ರ ಗೊತ್ತು. ಊರೆಲ್ಲ ನೋಡುತ್ತಿರುವಾಗ, ಹಗಲು ಹೊತ್ತಿನಲ್ಲಿ, ನಮ್ಮ ಅತ್ತಿಗೆ ನಮ್ಮಣ್ಣನ ಎದೆಗೆ ಒದ್ದಳು. ಒದೆಯಬೇಕು ಅಂತ ಬರೆದವಳು ನಾನೇ.

ನಾಟಕ ಬರೆಯುವುದು ನನ್ನ ಚಟ. ತುರುವೇಕೆರೆಯಲ್ಲಿ ಮನೆ ಮಾಡಿಕೊಂಡು ಪಾಠ ಹೇಳುತ್ತೇನೆ, ಉಳಿದ ಹೊತ್ತಿನಲ್ಲಿ ಯಾರೂ ಆಡದ ನಾಟಕಗಳನ್ನು ಬರೆಯುತ್ತೇನೆ. ಒಂದರಲ್ಲಿ ನೋಡುವವರು ರಂಗಕ್ಕೆ ಬೆನ್ನು ಹಾಕಿ ಕೂರಬೇಕಿತ್ತು. ಯಾರೂ ಕೂರಲಿಲ್ಲ, ಎದ್ದು ಹೋದರು. ಅದು ಸೋಲು ಅಂತ ನಾನು ಇವತ್ತಿಗೂ ಒಪ್ಪಿಲ್ಲ.

ಈ ನಾಟಕ ಶುರುವಾಗಿದ್ದು ಅಣ್ಣನ ಮಗಳಿಂದ. ಆಗ ಅವಳು ಏಳನೇ ಕ್ಲಾಸು. ಶನಿವಾರ ನಾನು ಊರಿಗೆ ಹೋದಾಗ ಅಪ್ಪನ ಫೋನಿನಲ್ಲಿ ಜಪಾನಿನ ಕಾರ್ಟೂನು ನೋಡುತ್ತಾ ಕೂತಿರುತ್ತಿದ್ದಳು. ಒಂದು ದಿನ ತಲೆ ಎತ್ತದೆ ಕೇಳಿದಳು.

"ಅತ್ತೆ, ಈ ನಿಂಜಾ ಯಾವಾಗ್ಲೂ ಬಾಯಿಗೆ ಬಟ್ಟೆ ಕಟ್ಕೊಂಡೇ ಇರ್ತಾನೆ. ಊಟ ಯಾವಾಗ ಮಾಡ್ತಾನೆ?"

ಅಡುಗೆಮನೆಯಿಂದ ಅತ್ತಿಗೆಯ ಉತ್ತರ ಬಂತು. "ಎಲ್ರುದ್ದೂ ಆದ್ಮೇಲೆ ಮಾಡ್ತಾನೆ ಬುಡು."

ನಾನು ನಕ್ಕೆ. ಬಸ್ಸಿನಲ್ಲಿ ವಾಪಸು ಹೋಗುವಾಗ ನಗು ಬರಲಿಲ್ಲ. ಆಮೇಲೆ ಒಂದಷ್ಟು ಓದಿದೆ. ಜಪಾನಿನಲ್ಲಿ ಇವರನ್ನು ಶಿನೋಬಿ ಅನ್ನುತ್ತಿದ್ದರಂತೆ, ಮರೆಯಲ್ಲಿದ್ದು ಕೆಲಸ ಮಾಡುವವರು. ನಿಜವಾದ ಶಿನೋಬಿ ಕಪ್ಪು ಬಟ್ಟೆ ಹಾಕುತ್ತಲೇ ಇರಲಿಲ್ಲವಂತೆ. ಹೊಲದವರ ಹಾಗೆ, ಬೀದಿ ವ್ಯಾಪಾರದವರ ಹಾಗೆ, ಯಾರೂ ಎರಡನೇ ಸಲ ನೋಡದ ಹಾಗೆ ಇರುತ್ತಿದ್ದರಂತೆ. ಕಪ್ಪು ಬಟ್ಟೆ ನಾಟಕದವರು ಕೊಟ್ಟಿದ್ದು. ಅಲ್ಲಿ ರಂಗದ ಮೇಲೆ ಸಾಮಾನು ಎತ್ತಿಡುವ ಆಳುಗಳು ಕಪ್ಪು ಹಾಕಿಕೊಂಡು ಓಡಾಡುತ್ತಾರೆ, ಕಂಡರೂ ಕಾಣದ ಹಾಗೆ ಇರುವುದು ನೋಡುವವರ ಕೆಲಸ. ಕಣ್ಣೆದುರಿಗಿದ್ದವರನ್ನು ಕಾಣದ ಹಾಗೆ ಇರುವುದು ನಮ್ಮ ಮನೆಗೂ ಹೊಸದಲ್ಲ ಅನ್ನಿಸಿ ಬರೆಯಲು ಕೂತೆ.

ಕತೆ ಸರಳ. ಹಳೆಯ ಜಪಾನಿನಲ್ಲಿ ಒಬ್ಬ ಪಾಳೇಗಾರ ಸತ್ತಿದ್ದಾನೆ. ಅವನ ಮಗ ಇನ್ನೂ ಚಿಕ್ಕವನು, ಹೆಸರಿಗೆ ದೊರೆ. ಚಿಕ್ಕಪ್ಪನಿಗೆ ಆ ಹುಡುಗ ಇರುವುದು ಬೇಡ. ಸತ್ತವನಿಗೆ ಮಾತು ಕೊಟ್ಟಿದ್ದ ಶಿನೋಬಿಯೊಬ್ಬ ಹುಡುಗನನ್ನು ಕಾಯುತ್ತಾನೆ. ಅಟ್ಟದ ಮೇಲೆ ಅಡಗಿ ಚಿಕ್ಕಪ್ಪನ ಸಂಚು ಕೇಳಿಸಿಕೊಳ್ಳುತ್ತಾನೆ. ಕೊನೆಗೆ ಅವನನ್ನು ಒದ್ದು ಕೆಡವಿ, ಹುಡುಗನನ್ನು ಬೆನ್ನಿಗೆ ಹಾಕಿಕೊಂಡು ಹೊರಟುಹೋಗುತ್ತಾನೆ. ಅವನು ಯಾರು ಅಂತ ಆ ಹುಡುಗನಿಗೂ ತಿಳಿಯುವುದಿಲ್ಲ, ಬಹುಮಾನವಿಲ್ಲ, ಮುಖವಿಲ್ಲ.

ಜಪಾನಿನ ಅಟ್ಟ ಹೇಗಿರುತ್ತದೋ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯದನ್ನೇ ಇಟ್ಟೆ. ನಮ್ಮ ಕಡೆ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಕಾಯಿ ಅಲ್ಲಾಡಿದರೆ ಸಾಕು, ಒಳಗಿಂದ ಲೊಟಲೊಟ ಅನ್ನುತ್ತದೆ. ಅಂಥ ರಾಶಿಯ ಮೇಲೆ ಬೆಕ್ಕು ನಡೆದರೂ ಕೆಳಗೆ ಮಲಗಿದವರಿಗೆ ಎಚ್ಚರ. ಶಿನೋಬಿಗೆ ಇದಕ್ಕಿಂತ ಕಷ್ಟದ ಜಾಗ ಜಪಾನಿನಲ್ಲೂ ಇರಲಾರದು.

ಊರಿನ ರಾಜ್ಯೋತ್ಸವಕ್ಕೆ ಮಧ್ಯಾಹ್ನದ ಹೊತ್ತಿಗೆ ಒಂದು ಸಣ್ಣ ನಾಟಕ ಬೇಕಿತ್ತು, ನನ್ನನ್ನು ಕೇಳಿದರು. ಕತೆ ಹೇಳಿದೆ.

"ರಾಜ್ಯೋತ್ಸವಕ್ಕೆ ಜಪಾನ್ ಕತೆ ಏನಕ್ಕಮ್ಮ?" ಅಂದರು ಸಮಿತಿಯ ಹಿರಿಯರು.

"ನೀವು ವರ್ಷಾ ವರ್ಷಾ ಆಡೋ ಕುರುಕ್ಷೇತ್ರ ಏನು ಕುಣಿಗಲ್ ಹತ್ರ ಐತಾ?" ಅಂದೆ.

ಅವರು ತಲೆ ಕೆರೆದುಕೊಂಡರು. "ಅದೂ ಸರಿನೇ ಬುಡು."

ನಮ್ಮೂರಲ್ಲಿ ನಾಟಕ ಅಂದರೆ ಪೌರಾಣಿಕ ನಾಟಕ. ಹಾರ್ಮೋನಿಯಂ ಮೇಷ್ಟ್ರು ಬಂದು ಕಲಿಸುತ್ತಾರೆ. ಗಂಡಸರು ಬಣ್ಣ ಹಚ್ಚುತ್ತಾರೆ, ಹೆಣ್ಣು ಪಾತ್ರಕ್ಕೆ ಬೇರೆ ಊರಿನ ಕಲಾವಿದೆಯರನ್ನು ಕರೆಸುತ್ತಾರೆ. ಮನೆಯ ಹೆಂಗಸರು ಕೆಳಗೆ ಕೂತು ನೋಡುತ್ತಾರೆ. ಪಾತ್ರ ಮಾಡಿದವನಿಗೆ ಅವನ ನೆಂಟರು ಆಟದ ಮಧ್ಯದಲ್ಲೇ ಸ್ಟೇಜ್ ಹತ್ತಿ ಹಾರ ಹಾಕುತ್ತಾರೆ. ದುರ್ಯೋಧನ ತೊಡೆ ತಟ್ಟುತ್ತಿರುವಾಗ ಅವನ ಷಡ್ಡಕ ಪ್ಯಾಂಟು ಶರಟಿನಲ್ಲಿ ಬಂದು ಹಾರ ಹಾಕಿ ಫೋಟೋ ತೆಗೆಸಿಕೊಂಡು ಇಳಿಯುತ್ತಾನೆ. ಜನ ಅವನನ್ನು ಕಂಡರೂ ಕಾಣುವುದಿಲ್ಲ. ಯಾರ ಹಾರವೂ ಬೀಳದ ಪಾತ್ರ ಇದ್ದೂ ಇಲ್ಲದ ಹಾಗೆ.

ಚಿಕ್ಕಪ್ಪನ ಪಾತ್ರ ಅಣ್ಣ ತೆಗೆದುಕೊಂಡ. ದುಷ್ಟನ ಪಾತ್ರಕ್ಕೆ ನಮ್ಮಲ್ಲಿ ಯಾವತ್ತೂ ಬೇಡಿಕೆ. ನಾನು ಬರೆಯದ ಹಾಡುಗಳನ್ನು ಮೇಷ್ಟ್ರು ಅವನಿಗೆ ಸೇರಿಸಿಕೊಟ್ಟರು, ಕೌರವನ ಕಿರೀಟವನ್ನೂ ತರಿಸಿದರು. ಜಪಾನಿನಲ್ಲಿ ಕಿರೀಟ ಇಲ್ಲ ಅಂದೆ. "ಕಿರೀಟ ಇಲ್ದಿದ್ರೆ ಯಜಮಾನ್ರು ಯಾರು ಅಂತ ಹೆಂಗೆ ತಿಳೀತದೆ?" ಅಂದರು. ಆ ಒಂದು ವಿಷಯದಲ್ಲಿ ನಾನು ಸೋತೆ.

ಚಿಕ್ಕ ದೊರೆ ತಾನೇ ಆಗಬೇಕು ಅಂತ ಅಣ್ಣನ ಮಗಳು ಹಟ ಹಿಡಿದಳು. ಅಣ್ಣ ಒಪ್ಪಿದ್ದು ಹೀಗೆ.

"ಗಂಡು ವೇಷ, ಇನ್ನೂ ಸಣ್ಣೋಳು, ಆಯ್ತು. ಇದೊಂದು ಸಲ ಕಣಮ್ಮ. ಮುಂದಿನ ವರ್ಷದಿಂದ ಬೇಡ. ನಮ್ಮ ಮನೆ ಹೆಣ್ಣುಮಕ್ಕಳು ಸ್ಟೇಜ್ ಹತ್ತಲ್ಲ."

ಅತ್ತಿಗೆ ಅಲ್ಲೇ ಕೊಬ್ಬರಿ ಆರಿಸುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿ ಒಂದು ನಾಟಕ ಆಡಿದ್ದಳು, ಆಗ ಅವಳಪ್ಪ ಅಂದದ್ದೂ ಇದೇ ಮಾತಂತೆ. ಇದೊಂದು ಸಲ.

ಶಿನೋಬಿಗೆ ಮಾತ್ರ ಜನ ಸಿಗಲಿಲ್ಲ. ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳಿದರು.

"ಡೈಲಾಗ್ ಎಷ್ಟವೆ?"

"ಇಲ್ಲ."

"ಹಾಡು?"

"ಇಲ್ಲ."

"ಮುಖಾನೂ ಕಾಣಲ್ವಾ? ಹಂಗಾದ್ರೆ ನಮ್ಮ ಮಾವ ಹಾರ ಹಾಕಕ್ಕೆ ಬಂದು ಯಾರನ್ನ ಹುಡುಕ್ತಾರೆ?"

ಆ ಭಾನುವಾರ ಅತ್ತಿಗೆ ಅಟ್ಟದಲ್ಲಿ ಕೊಳೆತ ಕಾಯಿ ತೆಗೆದು ಕೆಳಗೆ ಎಸೆಯುತ್ತಿದ್ದಳು, ನಾನು ಏಣಿಯ ಕೆಳಗೆ ನಿಂತು ಗೊಣಗುತ್ತಿದ್ದೆ.

"ಕಣ್ಣು ಮಾತ್ರ ಕಾಣುತ್ತೆ ಅಂದ್ಯಲ್ಲ," ಅಂದಳು ಮೇಲಿಂದ.

"ಹೂಂ."

"ಹಂಗಾದ್ರೆ ನಾನ್ ಮಾಡ್ತೀನಿ."

ನಾವಿಬ್ಬರೂ ಒಂದೇ ವಯಸ್ಸಿನವರು. ಅತ್ತಿಗೆ ನಾದಿನಿಯರು ಹೇಗಿರಬೇಕೋ ಹಾಗೆ ಜಗಳವಾಡಿಕೊಂಡು ಬಂದವರು. ಅವಳಿಗೆ ತಲೆ ಕೆಟ್ಟಿದೆ ಅಂದೆ. ಅಣ್ಣನಿಗೆ ಗೊತ್ತಾದರೆ ನಿನ್ನ ಗತಿ ಇರಲಿ, ಮಗಳಿಗೆ ನಾಟಕದ ಬಾಗಿಲೇ ಮುಚ್ಚಿಹೋಗುತ್ತದೆ ಅಂದೆ.

"ಸುಮ್ನಿದ್ರೆ ತೆಗೆದಿರುತ್ತಾ?" ಒಂದು ಕೊಳೆತ ಕಾಯಿ ನನ್ನ ಕಾಲ ಹತ್ತಿರ ಬಿತ್ತು. "ಮುಂದಿನ ವರ್ಷಕ್ಕೆ ಆಗ್ಲೇ ಮುಚ್ಚವ್ರೆ. ನನ್ನನ್ನ ಸ್ಟೇಜಿಂದ ಇಳಿಸಿದಾಗ ಪಕ್ಕದಲ್ಲಿ ಯಾರೂ ಇರ್ಲಿಲ್ಲ ಕಣೇ. ಅವಳ ಪಕ್ಕದಲ್ಲಿ ನಾನು ನಿಂತ್ಕೋತೀನಿ. ಆಮೇಲೆ ಯಾರು ಇಳಿಸ್ತಾರೋ ನೋಡ್ತೀನಿ."

ಇದು ಅವಳು ಆಡಿದ ಮಾತೋ, ಆಮೇಲೆ ನಾನು ಅವಳ ಬಾಯಿಗೆ ಹಾಕಿದ್ದೋ, ಖಾತ್ರಿಯಿಲ್ಲ. ಕೊಳೆತ ಕಾಯಿ ಬಿದ್ದದ್ದು ಖಾತ್ರಿ. ವಾಸನೆ ನೆನಪಿದೆ.

ಊರಿಗೆ ನಾನು ಹೇಳಿದ್ದು ಇಷ್ಟು. ಶಿನೋಬಿ ಅಮ್ಮಸಂದ್ರದ ಕಡೆಯವನು, ಪಾತ್ರ ಗೊತ್ತಿದೆ, ಆ ದಿನ ನೇರ ಬರುತ್ತಾನೆ. ತಾಲೀಮಿನಲ್ಲಿ ಅವನ ಜಾಗಕ್ಕೆ ನಾನೇ ನಿಂತೆ. ಒದೆಯುವ ಕಡೆ ನಾನು ಕೈ ಎತ್ತುತ್ತಿದ್ದೆ, ಅಣ್ಣ ಬೀಳುತ್ತಿದ್ದ. ಅತ್ತಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಮಟ್ಟೆ ತುಂಬಿದ ಚೀಲ ತೂಗುಹಾಕಿ ಒದ್ದು ಕಲಿತಳು. ವೇಷಕ್ಕೆ ಕಪ್ಪು ಬಟ್ಟೆ ಬೇಕಿತ್ತು. ಅಣ್ಣ ಶಬರಿಮಲೆಗೆ ಮಾಲೆ ಹಾಕಿದಾಗ ಉಡುವ ಪಂಚೆಗಳನ್ನು ಟ್ರಂಕಿನಿಂದ ತೆಗೆದಳು. ನಾನು, ಯಾವ ದೇವರನ್ನೂ ಅಷ್ಟಾಗಿ ಹಚ್ಚಿಕೊಳ್ಳದವಳು, ಬೆಚ್ಚಿದೆ.

"ಅದು ಮಡಿ ಬಟ್ಟೆ ಕಣೇ."

"ಮಡಿ ಮಾಡೋಳು ಯಾರು? ನಾನೇ ಒಗ್ದಿರೋದು," ಅಂದು ಕತ್ತರಿ ಹಾಕಿದಳು.

ಮೇಷ್ಟ್ರಿಗೆ ನನ್ನ ನಾಟಕದ ಕೊನೆ ಹಿಡಿಸಿರಲಿಲ್ಲ. "ಮುಸುಕು ತೆಗೆಸ್ಬೇಕು ಕಣಮ್ಮ. ಯಾರು ಅಂತ ತಿಳೀದಿದ್ರೆ ಜನ ಎದ್ದು ಹೋಗ್ತಾರೆ." ಎದ್ದು ಹೋಗುವ ಜನ ನನಗೆ ಹೊಸದಲ್ಲ ಅಂದೆ. ಮುಸುಕು ತೆಗೆದ ತಕ್ಷಣ ಅವನು ಇನ್ನೊಬ್ಬ ಹೀರೋ ಆಗುತ್ತಾನೆ, ನನಗೆ ಅದು ಬೇಡ ಅಂದೆ. ಅವರು ತಲೆ ಆಡಿಸಿದರು. ಒಪ್ಪಿದರು ಅಂದುಕೊಂಡೆ.

ಆ ದಿನ ಅತ್ತಿಗೆ, ಹಸು ಇವತ್ತೋ ನಾಳೆಯೋ ಕರು ಹಾಕುವ ಹಾಗಿದೆ, ಮನೆಯಲ್ಲೇ ಇರುತ್ತೇನೆ ಅಂದಳು. ಅವ್ವ, ಅಂದರೆ ನಮ್ಮ ತಾಯಿ, ಹಸುವನ್ನೊಮ್ಮೆ ಸೊಸೆಯನ್ನೊಮ್ಮೆ ನೋಡಿ, "ಹಂಗೇ ಮಾಡು" ಅಂದು ಮುಂದಿನ ಸಾಲಿನ ಕುರ್ಚಿ ಹಿಡಿಯಲು ಹೊರಟಳು.

ಬಣ್ಣ ಹಚ್ಚಿಸಿಕೊಳ್ಳುತ್ತಾ ಅಣ್ಣ ನನಗೆ ಹೇಳಿದ. "ಕೊನೇಲಿ ಬಿದ್ದಿರ್ತೀನಲ್ಲ, ಆಗ ಅವನ ಮುಸುಕು ಕಿತ್ತಾಕ್ತೀನಿ. ಮೇಷ್ಟ್ರು ಹೇಳ್ಕೊಟ್ಟವ್ರೆ. ನೀನು ತಕರಾರು ಮಾಡ್ಬೇಡ."

ನಾನು ಶೆಡ್ಡಿಗೆ ಓಡಿದೆ. ಅತ್ತಿಗೆ ಕಾಲುಂಗುರ ಬಿಚ್ಚಿ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿಟ್ಟು ಬಂದು, ಕಪ್ಪು ಬಟ್ಟೆಗೆ ಒಳಗಿನಿಂದ ಪಿನ್ನು ಚುಚ್ಚುತ್ತಿದ್ದಳು.

"ಆಡೋದು ಬೇಡ ಬಿಡು. ಅವನು ಬರಲಿಲ್ಲ ಅಂತ ಹೇಳಿಬಿಡ್ತೀನಿ."

"ಇನ್ನೆರಡು ಪಿನ್ನು ಕೊಡು," ಅಂದಳು.

ಶಾಲೆಯ ಮೈದಾನ, ಶಾಮಿಯಾನ, ಸುಡುವ ಬಿಸಿಲು. ಆ ಬಿಸಿಲಿನಲ್ಲಿ ಕಪ್ಪು ಬಟ್ಟೆಯವನು ಸ್ಟೇಜಿಗೆ ಬಂದ ತಕ್ಷಣ ಹಿಂದಿನ ಸಾಲಿನಲ್ಲಿ ಶುರುವಾಯಿತು.

"ಹಗಲೊತ್ತಲ್ಲಿ ಮುಸುಕು ಹಾಕ್ಕೊಂಡು ಯಾರಿಗೆ ಕಾಣ್ಬಾರ್ದು ಅಂತ್ಲಾ ಇವ್ನು?"

"ಮಾವನ ಮನೆಯೋರು ಬಂದವ್ರೆ ಅನ್ಸುತ್ತೆ ಕಣ್ಲಾ."

ನಗು. ನಾನು ಪರದೆಯ ಪಕ್ಕದಲ್ಲಿ ನಿಂತು ಬೆವರುತ್ತಿದ್ದೆ. ಅತ್ತಿಗೆ ಬೆವರುತ್ತಿದ್ದಳೋ ಇಲ್ಲವೋ ಹೇಳುವಂತಿಲ್ಲ, ಕಪ್ಪಿನಲ್ಲಿ ಏನೂ ಕಾಣುವುದಿಲ್ಲ. ಅಟ್ಟದ ದೃಶ್ಯಕ್ಕೆ ಹಲಗೆ ಕಟ್ಟಿ ಹಳೆಯ ಕಾಯಿ ಸುರಿದಿದ್ದೆವು. ಅವಳು ಅದರ ಮೇಲೆ ಹತ್ತಿ, ಉದ್ದಕ್ಕೆ ಮಲಗಿ, ಅಂಚಿಗೆ ತೆವಳಿ ಬಂದಳು. ಒಂದು ಕಾಯಿಯೂ ಲೊಟ್ಟೆನ್ನಲಿಲ್ಲ. ಅದನ್ನು ಕೇಳಿಸಿಕೊಳ್ಳಲು ಜನರೂ ಸುಮ್ಮನಾದರು. ತೆಂಗಿನವರಿಗೆ ಆ ಮೌನದ ಬೆಲೆ ಗೊತ್ತು. ಕೆಳಗೆ ಅಣ್ಣ ಕಿರೀಟ ಇಟ್ಟುಕೊಂಡು ಸಂಚಿನ ಹಾಡು ಹಾಡುತ್ತಿದ್ದ. ಹಾಡು ಮುಗಿದಾಗಲೆಲ್ಲ ಯಾರಾದರೂ ಹತ್ತಿ ಬಂದು ಹಾರ ಹಾಕುತ್ತಿದ್ದರು. ಮಗಳಿಗೂ ಹಾರ ಬಿತ್ತು, ಅವಳ ಮೂಗಿನವರೆಗೆ. ಕಪ್ಪು ಬಟ್ಟೆಗೆ ಯಾರೂ ಬರಲಿಲ್ಲ.

ಕೊನೆಗೆ ಕಾದಾಟ. ತಾಲೀಮಿನಲ್ಲಿ ನನ್ನ ಎತ್ತಿದ ಕೈ ನೋಡಿ ಬೀಳುತ್ತಿದ್ದ ಅಣ್ಣ ಆ ದಿನವೂ ಅಂಥದ್ದೇ ಏನೋ ಬರುತ್ತದೆ ಅಂದುಕೊಂಡು ಎದೆ ಕೊಟ್ಟು ನಿಂತಿದ್ದ. ಅವಳಿಗೆ ಮಟ್ಟೆ ಚೀಲಕ್ಕೆ ಒದ್ದು ಅಭ್ಯಾಸ. ಕಾಲು ಎತ್ತಿದ್ದು ಕಂಡಿತು. ಬಿದ್ದ ಸದ್ದು ಮೈಕಿನಲ್ಲಿ ಕೇಳಿತು. ಕಿರೀಟ ಉರುಳಿ ಹಾರ್ಮೋನಿಯಂ ಹತ್ತಿರ ನಿಂತಿತು.

ಆಮೇಲೆ ಅವಳು ಮಾಡಿದ್ದನ್ನು ನಾನು ಬರೆದಿರಲಿಲ್ಲ. ಜಪಾನಿನ ಯಾವ ಶಿನೋಬಿಯೂ ಮಾಡಿರಲಾರ. ಅವಳು ಬಗ್ಗಿದಳು. ಬಿದ್ದವನ ಎದೆಯನ್ನು ಬೆರಳ ತುದಿಯಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಕಾಲು ತಾಕಿದರೆ ನಾವೆಲ್ಲ ಮಾಡುವ ಹಾಗೆ. ಪುಸ್ತಕಕ್ಕೆ ತಾಕಿದರೆ, ಪೊರಕೆಗೆ ತಾಕಿದರೆ, ಮೊರಕ್ಕೆ ತಾಕಿದರೆ ಮಾಡುವ ಹಾಗೆ. ಚೀಲಕ್ಕೆ ಒದ್ದಾಗ ಅದರ ಅಗತ್ಯ ಬಿದ್ದಿರಲಿಲ್ಲ. ಅದಕ್ಕೇ ಅದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಮೈದಾನ ಹೋ ಅಂದಿತು. ಶಿಳ್ಳೆ. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಹೇಳಿದರು, "ಯಾರ ಮನೆ ಹುಡುಗನೋ, ಸಂಸ್ಕಾರ ಐತೆ ಕಣಪ್ಪ."

"ಅಮ್ಮಸಂದ್ರದೋನೂ ಅಲ್ಲ, ಎಂತದೂ ಅಲ್ಲ. ಇವನ ಭಾಮೈದ ಇರ್ಬೇಕು," ಅಂದರು ಪಕ್ಕದವರು. "ಭಾವನ್ನ ಒದ್ದು ಕೈ ಮುಗಿದ ನೋಡು."

ಬಗ್ಗಿದ್ದ ಅತ್ತಿಗೆಯ ಬೆನ್ನಿಗೆ ಮಗಳು ಹತ್ತಿಕೊಂಡಳು. ಅದೇ ಹೊತ್ತಿಗೆ ಅಣ್ಣನ ಕೈ ಮೇಲೆದ್ದು ಮುಸುಕಿನ ಅಂಚು ಹಿಡಿದದ್ದು ನನಗೆ ಕಂಡಿತು. ಅದೇ ಹೊತ್ತಿಗೆ ಬಿಳಿ ಶರಟಿನ ಒಬ್ಬರು, ಅಣ್ಣನ ಯಾರೋ ಸ್ನೇಹಿತರು, ಬಿದ್ದ ದುಷ್ಟನಿಗೆ ಹಾರ ಹಾಕಲು ಹತ್ತಿ ಬಂದು ನನಗೂ ಅವರಿಬ್ಬರಿಗೂ ಮಧ್ಯೆ ನಿಂತರು.

ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ.

ಅತ್ತಿಗೆ ಹೇಳುವುದು, "ಹಿಡ್ಕೊಂಡ್ರು. ನಾನು ಕಣ್ಣು ಮಿಟುಕಿಸದೆ ನೋಡ್ದೆ. ಬಿಟ್ರು." ಬೆನ್ನ ಮೇಲಿದ್ದ ಮಗಳು ಹೇಳುವುದು, "ಬಿಡ್ಲಿಲ್ಲ. ಅಮ್ಮ ಅಪ್ಪನ ಮಣಿಕಟ್ಟು ತಿರುಚಿದ್ಲು." ಆ ಚಿಕ್ಕ ದೊರೆಗೆ ಮೊದಲ ದೃಶ್ಯದಲ್ಲೇ ತಿಳಿದಿತ್ತಂತೆ, ಬರಿಗಾಲಿನ ಬೆರಳಲ್ಲಿ ಕಾಲುಂಗುರದ ಬಿಳಿ ಗುರುತು ನೋಡಿ. ಅಣ್ಣ ಒಂದೇ ಒಂದು ಸಲ ಅಂದದ್ದು, "ಕೈ ಜಾರ್ತು." ಯಾರದೋ ಫೋನಿನಲ್ಲಿ ತೆಗೆದ ವಿಡಿಯೋ ಊರಿನ ಗ್ರೂಪಿನಲ್ಲಿ ಬಂತು. ಅದನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, ದೊಡ್ಡದು ಮಾಡಿ ಎಷ್ಟು ಸಲ ನೋಡಿದೆನೋ. ಬಿಳಿ ಶರಟಿನ ಬೆನ್ನು. ಬೆವರಿನ ಕಲೆ. ಅಷ್ಟೇ. ಬೇರೆ ಬರಹಗಾರರಾಗಿದ್ದರೆ ಆ ಬೆನ್ನಿನ ಹಿಂದೆ ಗಂಡ ಹೆಂಡಿರ ಕಣ್ಣಲ್ಲಿ ನೀರು ತರಿಸುತ್ತಿದ್ದರು. ನಾನು ತರಿಸುವುದಿಲ್ಲ.

ಬೆನ್ನು ಸರಿದಾಗ ಮುಸುಕು ಇದ್ದ ಜಾಗದಲ್ಲೇ ಇತ್ತು. ಪರದೆಯ ಕಡೆ ಬರಬೇಕಿದ್ದವಳು ಮುಂದಿನ ಮೆಟ್ಟಿಲಿಳಿದು, ಮಗಳನ್ನು ಹೊತ್ತುಕೊಂಡು, ಜನರ ಮಧ್ಯೆ ದಾರಿ ಮಾಡಿಕೊಂಡು ನಡೆದಳು. ಮೈದಾನದ ಅಂಚಿನಲ್ಲಿ ಮಗಳನ್ನು ಕೆಳಗಿಳಿಸಿ ತೋಟದೊಳಗೆ ಹೋದಳು. ಹಗಲು ಹೊತ್ತಿನಲ್ಲಿ, ಕಪ್ಪು ಬಟ್ಟೆಯಲ್ಲಿ, ಅಷ್ಟು ಜನರ ಎದುರಿಗೆ ಮಾಯವಾದಳು. ಶಿನೋಬಿ ಪಾತ್ರಧಾರಿ ಎಲ್ಲಿದ್ದರೂ ವೇದಿಕೆಗೆ ಬರಬೇಕು, ಮುಸುಕು ತೆಗೆದು ಮುಖ ತೋರಿಸಬೇಕು, ಶಾಲು ಹೊದಿಸುತ್ತೇವೆ ಅಂತ ಮೈಕಿನವರು ಕೂಗಿ ಕೂಗಿ ಸುಸ್ತಾದರು. ಕೊನೆಗೆ ಹಿರಿಯರು ಶಾಲನ್ನು ಅಣ್ಣನ ಕೈಗೆ ಕೊಟ್ಟರು.

"ನಿಮ್ಮ ಭಾಮೈದನಿಗೆ ತಲುಪಿಸಿಬುಡಿ."

ಅಣ್ಣ ತೆಗೆದುಕೊಂಡ. ಬೇರೇನು ಮಾಡಬಹುದಿತ್ತು?

ನಾವು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತಿಗೆ ಸೀರೆ ಉಟ್ಟು ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಹಸು ಕರು ಹಾಕಿರಲಿಲ್ಲ. ಅಣ್ಣ ಶಾಲನ್ನು ಜಗಲಿಯ ಮೇಲಿಟ್ಟು, ಎದೆ ಒತ್ತಿಕೊಂಡು ಕೂತ. ಕಾಫಿ ಬಂತು. ಮಗಳು ಮೂಗಿನವರೆಗಿದ್ದ ಹಾರವನ್ನು ಇನ್ನೂ ತೆಗೆದಿರಲಿಲ್ಲ.

"ಇವತ್ತಿಗೆ ಮುಗೀತು," ಅಂದ ಅಣ್ಣ, ಯಾರನ್ನೂ ನೋಡದೆ. "ಇವಳು ಇನ್ಮೇಲೆ ನಾಟಕ ಗೀಟಕ ಅಂತ ಹೋಗಂಗಿಲ್ಲ."

ಅತ್ತಿಗೆ ಲೋಟ ತೆಗೆದುಕೊಂಡಳು. "ಸರಿ ಕಣ್ರೀ. ಹಂಗಾದ್ರೆ ನಾಳೆ ಅಂಗಡಿ ಮುಂದೆ ನಾನೇ ಹೇಳ್ಬತ್ತೀನಿ."

"ಏನಂತ?"

"ಒದ್ದೋಳು ನಾನು ಅಂತ."

ಅಣ್ಣ ತಲೆ ಎತ್ತಿದ.

"ಭಾಮೈದ ಒದ್ದ ಅಂದ್ರೆ ಎರಡು ದಿನ ನಗ್ತಾರೆ, ಬುಡ್ತಾರೆ," ಅಂದಳು. ದನಿ ಏರಿರಲಿಲ್ಲ, ಉಪ್ಪು ಸಾಕಾ ಅಂತ ಕೇಳುವಾಗಿನ ದನಿಯೇ. "ಹೆಂಡ್ತಿ ಒದ್ಲು ಅಂದ್ರೆ ತಿಪಟೂರು ಮಾರ್ಕೆಟ್ಟಿನವರೆಗೂ ಹೋಗುತ್ತೆ. ನೀವಿರೋವರೆಗೂ ನಗ್ತಾರೆ."

"ಹೆದರಿಸ್ತೀಯೇನೇ?"

"ಹೂಂ."

ಆ ಹೂಂ ನನಗೆ ಅಕ್ಷರ ಬಿಡದೆ ನೆನಪಿದೆ. ನಾನು ಬರೆದ ಯಾವ ನಾಟಕದಲ್ಲೂ ಅಂಥ ಮಾತಿಲ್ಲ.

"ನಿಂಗೇನು ಬೇಕು?" ಅಂದ ಅಣ್ಣ.

"ನಂಗೇನೂ ಬೇಡ. ಅವಳನ್ನ ಇಳಿಸ್ಬಾರ್ದು. ಅವಳಾಗಿ ಇಳಿದ್ರೆ ಇಳೀಲಿ."

ಅಣ್ಣ ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಎದ್ದು ಒಳಗೆ ಹೋಗಲು ನೋಡಿದ, ಎದೆ ಹಿಡಿದುಕೊಂಡಿತು, ಮತ್ತೆ ಕೂತ. ಆಗ ಅಷ್ಟು ಹೊತ್ತೂ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅವ್ವ ನನ್ನ ಕಡೆ ತಿರುಗಿ, "ಉಪ್ಪು ಬಿಸಿ ಮಾಡಿ ಗಂಟು ಕಟ್ಕೊಂಡು ಬಾರೇ, ಇವನ ಎದೆಗೆ ಶಾಖ ಕೊಡ್ಬೇಕು" ಅಂದಳು. ನಾನು ಎದ್ದೆ. "ನೀನಲ್ಲ ಬುಡು," ಅಂದಳು ಅವ್ವ. "ಒದ್ದೋಳೆ ಕೊಡ್ಲಿ. ಎಲ್ಲಿಗೆ ಬಿದ್ದೈತೆ ಅಂತ ಅವಳಿಗೇ ಗೊತ್ತು."

ಉಪ್ಪಿನ ಡಬ್ಬಿಯಲ್ಲಿ ಕಾಲುಂಗುರ ಇನ್ನೂ ಇದ್ದವು.

ಶಾಲು ಅತ್ತಿಗೆಯ ತಮ್ಮನ ಪಾಲಾಯಿತು. ಅವನು ಸಂಪಿಗೆ ಅನ್ನುವ ಊರಿನ ಹತ್ತಿರದವನು, ತಿಪಟೂರಿಗೆ ಕೊಬ್ಬರಿ ಹಾಕಲು ಹೋಗುವವನು. ಆ ದಿನ ಅವನು ನಮ್ಮೂರಿನಲ್ಲಿ ಇರಲೇ ಇಲ್ಲ. ಮಾರ್ಕೆಟ್ಟಿನಲ್ಲಿ ಸಿಕ್ಕಿದವರೆಲ್ಲ ಬೆನ್ನು ತಟ್ಟಿದ್ದು ನೋಡಿ ಗಾಬರಿಯಾಗಿ ಬಂದ.

"ನಾನು ಯಾವಾಗ ನಾಟಕ ಮಾಡಿದ್ದು ಅಕ್ಕಾ?"

"ಮಾಡಿದ್ದೀಯ, ಸುಮ್ನಿರು."

"ಭಾವನ್ನ ಒದ್ನಂತೆ?"

"ಒದ್ದಿದ್ದೀಯ. ಶಾಲು ತಗೊಂಡ್ ಹೋಗು."

ಅವನು ಅಕ್ಕನ ಮುಖ ನೋಡಿದ. ಆಮೇಲೆ ಶಾಲು ಹೊದ್ದುಕೊಂಡೇ ಹೋದ. ಈಗ ಒದೆಯುವಾಗ ಉಸಿರು ಹೇಗೆ ಹಿಡಿಯಬೇಕು ಅಂತ ಮಾರ್ಕೆಟ್ಟಿನಲ್ಲಿ ಹುಡುಗರಿಗೆ ಹೇಳಿಕೊಡುತ್ತಾನಂತೆ. ಅವನ ನೆನಪಿನಲ್ಲಿ ಆ ಮಧ್ಯಾಹ್ನ ಇಷ್ಟು ಹೊತ್ತಿಗೆ ಚೆನ್ನಾಗಿ ಕೂತಿರಬೇಕು, ನನ್ನ ನೆನಪಿಗಿಂತ ಗಟ್ಟಿಯಾಗಿ.

ಆ ವರ್ಷ ಮಾಲೆ ಹಾಕುವ ಕಾಲಕ್ಕೆ ಅಣ್ಣ ಟ್ರಂಕು ತೆರೆದು, ಮುಚ್ಚಿ, ತುರುವೇಕೆರೆಗೆ ಹೋಗಿ ಹೊಸ ಪಂಚೆ ತಂದ. ಯಾರನ್ನೂ ಏನೂ ಕೇಳಲಿಲ್ಲ.

ಮಗಳು ಮುಂದಿನ ವರ್ಷವೂ ಸ್ಟೇಜ್ ಹತ್ತಿದಳು, ಆಮೇಲಿನ ವರ್ಷವೂ. ಈಗ ಪಿಯುಸಿ. ಗಂಡು ವೇಷ ಬಿಟ್ಟಿದ್ದಾಳೆ. ಅಣ್ಣ ಬದಲಾದ ಅಂತ ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಅಣ್ಣ ಬದಲಾಗಿಲ್ಲ. ಮಗಳು ಬಣ್ಣ ಹಚ್ಚಿದ ದಿನ ಅವನು ಮುಖ ಗಂಟು ಹಾಕಿಕೊಂಡು ತೋಟದಲ್ಲಿರುತ್ತಾನೆ. ಅವನಿಗೆ ಹೆದರಿಕೆ, ಅಷ್ಟೇ. ಪ್ರೀತಿಯಿಂದ ತೆರೆದ ಬಾಗಿಲು ಪ್ರೀತಿ ತಣ್ಣಗಾದಾಗ ಮುಚ್ಚಬಹುದು. ಹೆದರಿಕೆಯಿಂದ ತೆರೆದದ್ದು ತೆರೆದೇ ಇದೆ. ನನಗೆ ಅದು ಸಾಕು, ಅವಳಿಗೂ ಸಾಕು.

ಹಾಗಾದರೆ ಈಗ ಬರೆದು ಗುಟ್ಟು ಹೊರಹಾಕುತ್ತಿದ್ದೀಯಲ್ಲ ಅಂತ ಕೇಳಬಹುದು. ನಮ್ಮಣ್ಣ ಓದುವವನಲ್ಲ. ಊರಿನವರು ಓದಿದರೂ ತಮ್ಮ ಕಣ್ಣಿನಿಂದ ಕಂಡ ಭಾಮೈದನನ್ನು ಬಿಟ್ಟುಕೊಡುವುದಿಲ್ಲ. ಅದೂ ಅಲ್ಲದೆ ಇಲ್ಲಿ ಒಂದು ಸಂಗತಿಯನ್ನು ಬೇಕೆಂದೇ ಬೇರೆ ಮಾಡಿ ಬರೆದಿದ್ದೇನೆ. ಯಾವುದು ಅಂತ ಹೇಳುವುದಿಲ್ಲ.

ಈ ವರ್ಷ ಸಮಿತಿಯವರು ಆ ಜಪಾನಿನ ನಾಟಕವೇ ಬೇಕು ಅಂತ ಹಟ ಹಿಡಿದಿದ್ದಾರೆ. ಅಣ್ಣನಿಗೆ ಕಿರೀಟದ ಆಸೆ ಬಿಟ್ಟಿಲ್ಲ, ಅವನೇ ಚಿಕ್ಕಪ್ಪ. ದೊರೆ ಈ ಸಲವೂ ಮಗಳೇ, ಆದರೆ ಹುಡುಗಿಯಾಗಿಯೇ. ಭಾಮೈದನಿಗೆ ಹೇಳಿಕಳಿಸಿ ಅಂತ ಹಿರಿಯರು ಅಂದಾಗ ಅಣ್ಣ, "ಅವನೇ ಬತ್ತಾನೆ ಬುಡಿ" ಅಂದನಂತೆ, ಎದೆ ನೀವಿಕೊಳ್ಳುತ್ತಾ.

ಇಷ್ಟನ್ನೂ ಬರೆದು ಹೋದ ವಾರ ಅತ್ತಿಗೆಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳಿದಳು. ಅಟ್ಟದ ಮೇಲೆ ಒಂದು ಕಾಯಿ ಲೊಟ್ಟೆಂದಿತ್ತು, ಯಾರಿಗೂ ಕೇಳಲಿಲ್ಲ ಅಷ್ಟೇ ಅಂದಳು. ಮಣಿಕಟ್ಟು ತಿರುಚಿದ್ದು ಸುಳ್ಳು, ತೆಗಿ ಅಂದಳು. ನಾನು ತೆಗೆದಿಲ್ಲ. ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಕಡೆ ಬಂದಾಗ ಕೈ ನಿಲ್ಲಿಸಿದಳು.

"ಅದು ಅಭ್ಯಾಸ ಅಂತ ಬರ್ದಿದ್ದೀಯಾ?"

"ಹೂಂ. ಅಲ್ವಾ?"

"ಅಭ್ಯಾಸನೇ." ಒಂದು ಕಾಯಿ ಸೀಳಿ ಕಾಳು ಬಟ್ಟಲಿಗೆ ಹಾಕಿದಳು. "ಈ ಸಲ ಮುಟ್ಟಲ್ಲ ಅಂತಾನೂ ಬರಿ."